ಕಾರಂಜಾದ ಬಾವಿಗೆ ಬಡಿದ ಸ್ಕೆಗ್

ಮೇ ತಿಂಗಳ ಒಂದು ಮಧ್ಯಾಹ್ನ ಬೀದರಿನ ನೌಬಾದಿನಲ್ಲಿರುವ ನನ್ನ ವೆಲ್ಡಿಂಗ್ ಅಂಗಡಿ ಮುಂದೆ ಟಂಟಂ ಆಟೋ ಬಂದು ನಿಂತಿತು. ಹಿಂದೆ ಗೋಣಿಚೀಲದಲ್ಲಿ ಸುತ್ತಿದ ದೋಣಿ ಎಂಜಿನ್ ಇತ್ತು. ತಂದವರು ಇಬ್ಬರು. ಕಾರಂಜಾ ಜಲಾಶಯದಲ್ಲಿ ಮೀನು ಹಿಡಿಯುವವರ ಸಂಘದ ಹಿರಿಯ ಕಾಕಾ ಒಬ್ಬರು, ದೋಣಿ ಓಡಿಸುವ ಹುಡುಗ ಇನ್ನೊಬ್ಬ. ಚೀಲ ಬಿಚ್ಚಿದಾಗ, ನೀರು ತಳ್ಳಿ ದೋಣಿ ಓಡಿಸುವ ಪಂಖಾದ ಕೆಳಗೆ ಇರಬೇಕಾದ ಹಲಗೆ ಅರ್ಧಕ್ಕೆ ಮುರಿದಿತ್ತು.

"ಅಣ್ಣಾ, ಬಾವಿಗೆ ಬಡೀತು," ಅಂದ ಹುಡುಗ.

ನೀರಿನಲ್ಲಿ ಬಾವಿ ಹೇಗೆ ಬಂತು ಅಂತ ಕಾರಂಜಾ ನೋಡದವರು ಕೇಳಬಹುದು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ ಕಾರಂಜಾ ನದಿಗೆ ಅಡ್ಡ ಕಟ್ಟಿದ ಅಣೆಕಟ್ಟು ಇದು. ತುಂಬಿದರೆ 7.69 ಟಿಎಂಸಿ ನೀರು. ಆ ನೀರಿನ ಅಡಿ ಇರುವುದು ಒಂದು ಕಾಲದ ಹೊಲಗಳು, ಬದುಗಳು, ಕಲ್ಲು ಕಟ್ಟಿದ ಬಾವಿಗಳು. ಮಳೆಗಾಲದಲ್ಲಿ ಇವೆಲ್ಲ ಆಳದಲ್ಲಿ ಇರುತ್ತವೆ, ದೋಣಿಗೆ ತೊಂದರೆ ಇಲ್ಲ. ಏಪ್ರಿಲ್, ಮೇ ಬಂತೆಂದರೆ ನೀರು ಇಳಿಯುತ್ತದೆ. ಬಾವಿಯ ಬಾಯಿ ನೀರಿನಿಂದ ಮೇಲೆ ಬಂದರೆ ಕಣ್ಣಿಗೆ ಕಾಣುತ್ತದೆ. ಒಂದೂವರೆ ಅಡಿ ಕೆಳಗೆ ಉಳಿದಿದ್ದರೆ ಮಾತ್ರ ಕಷ್ಟ. ನೀರು ಕೆಂಪಗೆ ರಾಡಿಯಾಗಿರುತ್ತದೆ, ಕಲ್ಲು ಕಾಣುವುದೇ ಇಲ್ಲ.

ಈ ಹಲಗೆಗೆ ಸ್ಕೆಗ್ ಅನ್ನುತ್ತಾರೆ. ದೋಣಿಯ ಹಿಂದೆ ತೂಗುವ ಔಟ್‌ಬೋರ್ಡ್ ಎಂಜಿನ್‌ಗೂ, ದೋಣಿಯ ಒಳಗೆ ಎಂಜಿನ್ ಇಟ್ಟು ಹಿಂದೆ ಕಾಲು ಇಳಿಸಿದ ಸ್ಟರ್ನ್‌ಡ್ರೈವ್‌ಗೂ ಇದು ಒಂದೇ ತರಹ. ಪಂಖಾದ ಅಡಿಯಲ್ಲಿ ಮೀನಿನ ರೆಕ್ಕೆ ಹಾಗೆ ಕೆಳಗೆ ಇಳಿದಿರುತ್ತದೆ. ಗೇರ್‌ಬಾಕ್ಸ್ ಎರಕದ ಜೊತೆಗೇ ಒಂದೇ ತುಂಡಾಗಿ ಬಂದಿರುತ್ತದೆ, ಬಿಚ್ಚಿ ಬದಲಿಸುವ ಭಾಗ ಅಲ್ಲ. ಎರಡು ಕೆಲಸ ಅದಕ್ಕೆ. ಕಲ್ಲು, ಮರದ ಬೇರು ಸಿಕ್ಕರೆ ಪಂಖಾಕ್ಕಿಂತ ಮೊದಲು ತಾನು ಪೆಟ್ಟು ತಿನ್ನುವುದು ಒಂದು. ದೋಣಿ ನೇರವಾಗಿ ಹೋಗಲು ಚುಕ್ಕಾಣಿಗೆ ನೆರವಾಗುವುದು ಇನ್ನೊಂದು. ಅದು ಅರ್ಧ ಹೋದ ದೋಣಿ ಓಡುತ್ತದೆ, ಆದರೆ ಕೈಯಲ್ಲಿ ಹಿಡಿಕೆ ಒಂದು ಕಡೆಗೇ ಎಳೆಯುತ್ತದೆ. ಮುಂದಿನ ಕಲ್ಲು ನೇರವಾಗಿ ಪಂಖಾಕ್ಕೆ ಸಿಗುತ್ತದೆ.

ಇದು 40 ಎಚ್‌ಪಿ ಎಂಜಿನ್. ಮುಂದಕ್ಕೆ ಹೋಗುವಾಗ ಕಲ್ಲಿಗೆ ತಾಗಿದರೆ ಇಂಥ ಎಂಜಿನ್ ತಾನೇ ಮೇಲೆ ಎಗರಿ ಪೆಟ್ಟು ತಪ್ಪಿಸಿಕೊಳ್ಳುತ್ತದೆ. ಹಾಗಿದ್ದರೆ ಇಷ್ಟು ಮುರಿದದ್ದು ಹೇಗೆ ಅಂತ ಕೇಳಿದೆ. ಬಲೆ ಎತ್ತುವಾಗ ರಿವರ್ಸ್ ಹಾಕಿದ್ದೆ ಅಂದ. ಅಲ್ಲಿಗೆ ಗೊತ್ತಾಯಿತು. ರಿವರ್ಸ್‌ನಲ್ಲಿ ಎಂಜಿನ್ನಿನ ಕಾಲು, ಅಂದರೆ ನೀರಿಗೆ ಇಳಿಯುವ ಕೆಳಭಾಗ, ಮೇಲೆ ಏಳಬಾರದು ಅಂತ ಒಂದು ಕೊಂಡಿ ಹಿಡಿದಿರುತ್ತದೆ. ಆಗ ಕಲ್ಲಿಗೆ ಬಡಿದರೆ ಪೂರ್ತಿ ಏಟು ಸ್ಕೆಗ್ ಮೇಲೇ. ಹಿಂದಿನ ಅಂಚಿನಿಂದ ಮುಂದಕ್ಕೆ ಓರೆಯಾಗಿ ಒಂದು ಗೇಣಿಗೆ ಸ್ವಲ್ಪ ಕಡಿಮೆ ತುಂಡು ಹೋಗಿತ್ತು. ಆ ತುಂಡು ಈಗ ಬಾವಿಯಲ್ಲಿ ಇದೆ.

ಕಾಕಾ ನೇರ ವಿಷಯಕ್ಕೆ ಬಂದರು. "ಒಂದು ಕಬ್ಬಿಣದ ಪಟ್ಟಿ ಎರಡೂ ಕಡೆ ಇಟ್ಟು ಬೋಲ್ಟ್ ಹೊಡೀರಿ. ಇನ್ನೊಂದ್ಸಲ ಮುರೀಬಾರ್ದು ನೋಡ್ರಿ."

ಆಗುವುದಿಲ್ಲ ಅಂದೆ. ಕಾಕಾಗೆ ಬೇಸರವಾಯಿತು, ಆದರೂ ನಾನು ಬಿಡಲಿಲ್ಲ. ಸ್ಕೆಗ್ ಮುರಿದದ್ದರಿಂದಲೇ ಮೇಲಿನ ಗೇರ್ ಉಳಿದಿದೆ. ಪೆಟ್ಟು ಎಲ್ಲಿಯಾದರೂ ಹೋಗಲೇಬೇಕು. ಕೆಳಗೆ ಕಬ್ಬಿಣ ಕೊಟ್ಟು ಬಿಗಿ ಮಾಡಿದರೆ ಅದೇ ಪೆಟ್ಟು ಮೇಲೆ ಏರಿ ಗೇರ್ ಇರುವ ಗೂಡನ್ನೇ ಸೀಳುತ್ತದೆ. ಆಮೇಲೆ ವೆಲ್ಡಿಂಗ್ ಅಲ್ಲ, ಇಡೀ ಹೌಸಿಂಗ್ ತರಿಸಬೇಕು. ಇನ್ನೊಂದು ಮಾತೂ ಇದೆ. ನೀರಿನಲ್ಲಿ ಅಲ್ಯೂಮಿನಿಯಂ ಜೊತೆ ಕಬ್ಬಿಣ ಕೂಡಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಬೋಲ್ಟ್ ತೂತುಗಳ ಸುತ್ತ ಬಿಳಿ ಹಿಟ್ಟು ಬರುತ್ತದೆ, ತೂತು ದೊಡ್ಡದಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಆದರೂ ಇದೇ ಕಥೆ. ಮುರಿದದ್ದು ಅಲ್ಯೂಮಿನಿಯಂ, ಅಲ್ಯೂಮಿನಿಯಂನಲ್ಲೇ ಮೊದಲಿದ್ದಷ್ಟೇ ದಪ್ಪಕ್ಕೆ ಕಟ್ಟಿ ಕೊಡುತ್ತೇನೆ ಅಂದೆ.

"ಎಷ್ಟು ದಿನ?" ಅಂದರು. ನಾಲ್ಕು ದಿನ ಅಂದೆ. ಒಪ್ಪಿಕೊಂಡರು.

ಮೊದಲ ದಿನ ವೆಲ್ಡಿಂಗ್ ಮಷಿನ್ ಕಡೆ ಹೋಗಲೇ ಇಲ್ಲ. ಪೆಟ್ಟು ತಿಂದ ಕಾಲನ್ನು ಒಳಗೂ ನೋಡದೆ ಹೊರಗಿನ ಹಲಗೆ ಮಾತ್ರ ಸರಿ ಮಾಡಿದರೆ ಅದು ಬಣ್ಣ ಬಳಿದ ಹಾಗೆ ಅಷ್ಟೇ. ಪಂಖಾದ ಕಾಟರ್ ಪಿನ್ ತೆಗೆದು, ನಟ್ ಬಿಚ್ಚಿ, ಪಂಖಾ ಎಳೆದೆ. ಅದರ ಹಿಂದಿನ ವಾಷರ್ ತೆಗೆದಾಗ ಶಾಫ್ಟಿಗೆ ನೈಲಾನ್ ಬಲೆಯ ಎಳೆ ಹತ್ತಾರು ಸುತ್ತು ಬಿಗಿದಿತ್ತು. ಇದು ಮೀನುಗಾರರ ಎಂಜಿನ್‌ಗೆ ದೊಡ್ಡ ಶತ್ರು. ಎಳೆ ಒಳಗೆ ಸರಿಯುತ್ತಾ ಹೋಗಿ ಆಯಿಲ್ ಸೀಲಿನ ತುಟಿಯನ್ನು ಚಾಕುವಿನ ಹಾಗೆ ಕೊಯ್ಯುತ್ತದೆ. ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿದೆ, ಆಮೇಲೆ ಮೇಲಿನದು. ಬಂದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣ. ಒಳಗೆ ನೀರು ಹೋಗಿದೆ ಅಂತ ಅರ್ಥ. ಅಂದರೆ ಬಾವಿಗೆ ಬಡಿಯದೆ ಇದ್ದಿದ್ದರೂ ಈ ಗೇರ್‌ಬಾಕ್ಸ್ ಮಳೆಗಾಲ ದಾಟುತ್ತಿರಲಿಲ್ಲ. ಡ್ರೇನ್ ಸ್ಕ್ರೂನ ತುದಿಯ ಅಯಸ್ಕಾಂತದ ಮೇಲೆ ನುಣ್ಣನೆ ಪುಡಿ ಮಾತ್ರ ಇತ್ತು, ಚೂರು ಇರಲಿಲ್ಲ. ಗೇರ್ ಹಲ್ಲು ಉಳಿದಿವೆ ಅಂತ ಸಮಾಧಾನವಾಯಿತು.

ಶಾಫ್ಟ್ ಬಾಗಿದೆಯೇ ಅಂತ ನೋಡಲು ದೊಡ್ಡ ಸಾಧನ ಬೇಕಿಲ್ಲ. ಒಂದು ತಂತಿಯನ್ನು ಹೌಸಿಂಗಿಗೆ ಬಿಗಿದು, ತುದಿ ಶಾಫ್ಟಿಗೆ ತಾಗಿತೋ ಇಲ್ಲವೋ ಅನ್ನುವಷ್ಟು ಹತ್ತಿರ ತಂದು, ಶಾಫ್ಟನ್ನು ಕೈಯಲ್ಲಿ ನಿಧಾನ ತಿರುಗಿಸಬೇಕು. ಸಂದು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಆದರೆ ಬಾಗಿದೆ. ಇಲ್ಲಿ ಸುತ್ತಲೂ ಒಂದೇ ಸಮ ಇತ್ತು.

ಆಮೇಲೆ ಮುರಿದ ಅಂಚಿಗೆ ಬಿರುಕು ಹುಡುಕುವ ಡೈ ಹಚ್ಚಿದೆ. ಕೆಂಪು ಬಣ್ಣ ಹೊಡೆದು, ಹತ್ತು ನಿಮಿಷ ಬಿಟ್ಟು, ಒರೆಸಿ, ಮೇಲೆ ಬಿಳಿ ಡೆವಲಪರ್ ಹೊಡೆದರೆ ಬಿರುಕಿದ್ದ ಕಡೆ ಕೆಂಪು ಗೆರೆ ಮೂಡುತ್ತದೆ. ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಒಂದು ಗೆರೆ ಮೇಲಕ್ಕೆ ಹೋಗಿತ್ತು. ಗೇರ್ ಗೂಡಿಗೆ ಎರಡು ಬೆರಳು ಕೆಳಗೆ ನಿಂತಿತ್ತು. ಗೂಡಿನೊಳಕ್ಕೆ ಹೋಗಿದ್ದರೆ ಈ ಕೆಲಸ ನಾನು ಒಪ್ಪುತ್ತಿರಲಿಲ್ಲ. ಗೆರೆಯ ತುದಿಗೆ ಸರಿಯಾಗಿ 3 ಮಿ.ಮೀ. ತೂತು ಕೊರೆದೆ. ತುದಿ ದುಂಡಗಾದರೆ ಬಿರುಕು ಅಲ್ಲೇ ನಿಲ್ಲುತ್ತದೆ.

ಸೀಲ್ ಹೇಗೂ ಹೊಸದು ಬೇಕಾಗಿತ್ತು. ಹಾಗಾಗಿ ಶಾಫ್ಟ್, ಅದರ ಬೇರಿಂಗ್ ಮತ್ತು ಸೀಲ್ ಕೂರುವ ಕ್ಯಾರಿಯರ್ ಎರಡನ್ನೂ ಹೊರಗೆ ತೆಗೆದೆ. ಇದರಿಂದ ವೆಲ್ಡಿಂಗಿಗೂ ಅನುಕೂಲ ಆಯಿತು. ಸ್ಕೆಗ್ಗಿನ ಬುಡಕ್ಕೂ ಆ ಸೀಲಿಗೂ ನಡುವೆ ಜಾಗ ತೀರಾ ಕಡಿಮೆ, ರಬ್ಬರ್ ಬಿಸಿಗೆ ಗಟ್ಟಿಯಾಗಿ ಹೋಗುತ್ತದೆ. ಸೀಲ್ ತೆಗೆಯದೆ ವೆಲ್ಡ್ ಮಾಡುವವರು ಒದ್ದೆ ಬಟ್ಟೆ ಸುತ್ತಿ, ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡಿ, ಆರಲು ಬಿಟ್ಟು ಮುಂದೆ ಹೋಗಬೇಕು. ಎಣ್ಣೆಯ ಎರಡೂ ಸ್ಕ್ರೂ ತೆಗೆದೇ ಇಡಬೇಕು. ಮುಚ್ಚಿದ ಗೂಡಿನಲ್ಲಿ ಬಿಸಿಗಾಳಿ ಉಬ್ಬಿದರೆ ಅದು ಕರಗಿದ ಲೋಹವನ್ನೇ ತೂರಿಕೊಂಡು ಬರುತ್ತದೆ.

ಎರಡನೇ ದಿನ ಅಚ್ಚಿನ ಕೆಲಸ. ಹೋದ ತುಂಡು ಕೈಯಲ್ಲಿಲ್ಲ, ಅದರ ಆಕಾರ ಎಲ್ಲಿಂದ ತರುವುದು? ಸಂಘದಲ್ಲಿ ಇದೇ ಮಾಡೆಲ್ಲಿನ ಇನ್ನೊಂದು ಎಂಜಿನ್ ಇತ್ತು. ಹುಡುಗನಿಗೆ ಹೇಳಿದೆ: "ತಮ್ಮಾ, ದಪ್ಪನೆ ಲಗ್ನಪತ್ರಿಕೆ ಎರಡು ತಗೊಂಡು ಹೋಗು. ಆ ಸ್ಕೆಗ್ ಮೇಲೆ ಇಟ್ಟು ಪೆನ್ಸಿಲ್ ಎಳಿ. ಪಂಖಾದ ಶಾಫ್ಟಿನ ನಡು ಎಲ್ಲಿ ಬರ್ತದ ಅಂತನೂ ಗುರುತು ಹಾಕು." ಲಗ್ನದ ಸೀಸನ್, ಮನೆಯಲ್ಲಿ ಪತ್ರಿಕೆಗೇನು ಕಡಿಮೆ ಇಲ್ಲ. ಸಂಜೆಗೆ ಚೊಕ್ಕಟವಾಗಿ ಕತ್ತರಿಸಿ ತಂದ. ಮೂರು ಕಡೆ ದಪ್ಪವನ್ನೂ ಅಳೆದು ಪತ್ರಿಕೆಯ ಹಿಂದೆ ಬರೆದಿದ್ದ. ನಾನು ಹೇಳದೆ ಮಾಡಿದ ಕೆಲಸ ಅದು, ತುಂಬಾ ಉಪಯೋಗಕ್ಕೆ ಬಂತು.

ತುಂಡಿಗೆ 12 ಮಿ.ಮೀ. ದಪ್ಪದ 6061 ಅಲ್ಯೂಮಿನಿಯಂ ಪ್ಲೇಟ್ ತೆಗೆದುಕೊಂಡೆ. ಅಚ್ಚಿಗಿಂತ ಸುತ್ತಲೂ ಅರ್ಧ ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿದೆ. ಆಮೇಲೆ ಉಜ್ಜಿ ಕಡಿಮೆ ಮಾಡಬಹುದು, ಸೇರಿಸಲು ಆಗುವುದಿಲ್ಲ. ಮುರಿದ ಅಂಚನ್ನು ಮೊದಲು ನೇರ ಮಾಡಿದೆ. ಆಮೇಲೆ ಎರಡೂ ತುಂಡಿನ ಅಂಚನ್ನು ಎರಡೂ ಕಡೆಯಿಂದ ಇಳಿಜಾರು ಉಜ್ಜಿ, ಜೋಡಿಸಿದಾಗ ಆ ಬದಿ ಈ ಬದಿ ಒಂದೊಂದು ವಿ ಆಕಾರದ ಕಾಲುವೆ ಬರುವ ಹಾಗೆ ಮಾಡಿದೆ. ಬಿರುಕಿನ ಗೆರೆಯನ್ನೂ ಹೀಗೇ ಕೊರೆದು ತೆರೆದೆ. ಇಲ್ಲಿ ಒಂದು ಮಾತು ಹೇಳಬೇಕು. ಕಬ್ಬಿಣ ಉಜ್ಜುವ ಮಾಮೂಲಿ ಗ್ರೈಂಡಿಂಗ್ ಕಲ್ಲನ್ನು ಅಲ್ಯೂಮಿನಿಯಂಗೆ ಮುಟ್ಟಿಸಬೇಡಿ. ಕಲ್ಲಿನ ಸಂದುಗಳಲ್ಲಿ ಲೋಹ ತುಂಬಿಕೊಂಡು ಕಲ್ಲು ಬಿಸಿಯಾಗಿ ಸಿಡಿಯುವ ಭಯ ಇದೆ. ಫ್ಲಾಪ್ ಡಿಸ್ಕ್ ಹಾಕಿ, ಅದೂ ಕಬ್ಬಿಣಕ್ಕೆ ಬಳಸದ ಹೊಸದು.

ಅಂದೇ ಸಂಜೆ ಒಂದು ತಪ್ಪು ಮಾಡಿದೆ. ಅಂಚನ್ನು ಅಸಿಟೋನ್‌ನಲ್ಲಿ ಒರೆಸಿ, ಸ್ಟೇನ್‌ಲೆಸ್ ಬ್ರಷ್‌ನಲ್ಲಿ ಉಜ್ಜಿ, ಹೊಳೆಯುತ್ತಿದೆ ಅಲ್ವಾ, ಸಾಕು ಅಂತ ಟಿಗ್ ವೆಲ್ಡಿಂಗ್ ಶುರು ಮಾಡಿದೆ. ಒಂದು ಇಂಚು ಹೋಗುವಷ್ಟರಲ್ಲಿ ಲೋಹ ಕರ್ರಗಾಗಿ ಕುದಿಯಿತು. ಆರಿದ ಮೇಲೆ ನೋಡಿದರೆ ದೋಸೆಯ ಮೇಲ್ಮೈ ಹಾಗೆ ತೂತುಗಳು. ಎರಕದ ಅಲ್ಯೂಮಿನಿಯಂ ಒಳಗೆ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ವರ್ಷಗಟ್ಟಲೆ ನೀರು, ಎಣ್ಣೆ ಅದರಲ್ಲಿ ಕೂತಿರುತ್ತದೆ. ಹೊರಗೆ ಎಷ್ಟು ಒರೆಸಿದರೂ ಬಿಸಿಯಾದಾಗ ಒಳಗಿನದು ಹೊರಗೆ ಬರುತ್ತದೆ. ಹಾಕಿದ ವೆಲ್ಡ್ ಎಲ್ಲವನ್ನೂ ಉಜ್ಜಿ ತೆಗೆದು ಮತ್ತೆ ಮೊದಲಿಗೆ ಬಂದೆ.

ಮೂರನೇ ದಿನ ಬೆಳಗ್ಗೆ ಆರಕ್ಕೇ ಅಂಗಡಿ ತೆರೆದೆ. ಮೇ ತಿಂಗಳಲ್ಲಿ ಹತ್ತರ ಮೇಲೆ ಬೀಸುವ ಬಿಸಿಗಾಳಿ, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವ ಆರ್ಗಾನ್ ಗ್ಯಾಸನ್ನು ಹಾರಿಸಿಬಿಡುತ್ತದೆ, ಫ್ಯಾನ್ ಹಾಕುವಂತೆಯೂ ಇಲ್ಲ. ಮೊದಲು ಗ್ಯಾಸ್ ಟಾರ್ಚಿನಿಂದ ಸ್ಕೆಗ್ಗಿನ ಬುಡವನ್ನು ನಿಧಾನ ಬಿಸಿ ಮಾಡಿದೆ. ಸ್ವಲ್ಪ ಹೊತ್ತಿಗೆ ಅಂಚಿನಿಂದ ಕಂದು ಬಣ್ಣದ ಬೆವರು ಬಂತು. ಒರೆಸಿದೆ. ಆರಿದ ಮೇಲೆ ಮತ್ತೆ ಅಸಿಟೋನ್, ಮತ್ತೆ ಬಿಸಿ. ನಾಲ್ಕನೇ ಸಲ ಬಟ್ಟೆ ಸ್ವಚ್ಛವಾಗಿ ಬಂತು. ಅಸಿಟೋನ್ ಬಳಸಿದ ಮೇಲೆ ಪೂರ್ತಿ ಆರುವವರೆಗೆ ಬೆಂಕಿ ಹತ್ತಿರ ತರಬಾರದು, ಡಬ್ಬಿ ಅಂಗಡಿಯ ಹೊರಗೇ ಇರಲಿ.

ಕಾಲನ್ನು ತಲೆಕೆಳಗೆ ಮಾಡಿ ಆಂಗಲ್ ಸ್ಟ್ಯಾಂಡಿಗೆ ಬಿಗಿದೆ. ಪಂಖಾದ ಮೇಲ್ಗಡೆ ಒಂದು ಅಗಲವಾದ ತಟ್ಟೆ ಇರುತ್ತದಲ್ಲ, ಅದನ್ನು ಲೆವಲ್ ಇಟ್ಟು ಸಮ ಮಾಡಿಕೊಂಡೆ. ಹೊಸ ತುಂಡು ಆ ತಟ್ಟೆಗೆ ನೇರ ಲಂಬವಾಗಿ, ಶಾಫ್ಟಿನ ನಡುಗೆರೆಯಲ್ಲೇ ನಿಲ್ಲಬೇಕು. ಮೂಲೆ ನೋಡುವ ಗುನ್ಯಾ ಇಟ್ಟು ನೋಡಿ ಎರಡು ಕಡೆ ಟಾಕಾ, ಅಂದರೆ ಹಿಡಿದಿಡಲು ಚುಕ್ಕೆ ವೆಲ್ಡ್, ಹಾಕಿದೆ, ಮತ್ತೆ ಗುನ್ಯಾ ಇಟ್ಟೆ. ಇಲ್ಲಿ ಕೂದಲೆಳೆ ಓರೆಯಾದರೂ ಅದು ನೀರಿನಲ್ಲಿ ಯಾವಾಗಲೂ ತಿರುಗಿದ ಚುಕ್ಕಾಣಿ ಆಗುತ್ತದೆ. ಅರ್ಥ್ ಕ್ಲಾಂಪನ್ನು ಸ್ಕೆಗ್ಗಿನ ಬುಡಕ್ಕೇ ಹಾಕಿದೆ. ದೂರ ಎಲ್ಲೋ ಮೇಲಿನ ಶಾಫ್ಟಿಗೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಗುಂಡುಗಳ ಮೇಲೆ ಸುಟ್ಟ ಚುಕ್ಕೆ ಮಾಡುತ್ತದೆ. ಆ ಬೇರಿಂಗ್ ಆಮೇಲೆ ಸದ್ದು ಮಾಡುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ.

ಮಷಿನ್ನನ್ನು ಎಸಿ ಕರೆಂಟಿನಲ್ಲಿ ಇಟ್ಟೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಬೇಕು. ಎಸಿಯ ಅರ್ಧ ಸುತ್ತು ಆ ಪೊರೆಯನ್ನು ಒಡೆಯುತ್ತದೆ, ಇನ್ನರ್ಧ ಲೋಹ ಕರಗಿಸುತ್ತದೆ. ಕಿಡಿ ಹೊಡೆಯಲು 3.2 ಮಿ.ಮೀ. ಟಂಗ್‌ಸ್ಟನ್, ಲೋಹ ತುಂಬಲು 4043 ರಾಡು. ಈ ರಾಡಿನಲ್ಲಿ ಶೇಕಡ 5ರಷ್ಟು ಸಿಲಿಕಾನ್ ಇರುತ್ತದೆ. ಸಿಲಿಕಾನ್ ಹೆಚ್ಚಿರುವ ಎರಕಕ್ಕೂ 6061 ಪ್ಲೇಟಿಗೂ ಅದು ಹೊಂದುತ್ತದೆ, ಆರುವಾಗ ಬಿರುಕು ಬಿಡುವುದಿಲ್ಲ. ಬುಡವನ್ನು 120 ಡಿಗ್ರಿಗೆ ಬಿಸಿ ಮಾಡಿಕೊಂಡು 190 ಆಂಪಿಯರ್‌ನಲ್ಲಿ ಶುರು ಮಾಡಿದೆ. ಈ ಸಲ ಕರಗಿದ ಲೋಹ ಕನ್ನಡಿ ಹಾಗೆ ಹೊಳೆಯಿತು. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಗಳಿಗೆ ಅದು. ಎಡಕ್ಕೆ ಒಂದು ಇಂಚು, ಕಾಲನ್ನು ತಿರುಗಿಸಿ ಬಲಕ್ಕೆ ಒಂದು ಇಂಚು. ಒಂದೇ ಕಡೆ ಹೊಡೆದುಕೊಂಡು ಹೋದರೆ ತುಂಡು ಆ ಕಡೆಗೇ ವಾಲುತ್ತದೆ. ಎರಡೂ ಕಾಲುವೆ ತುಂಬಿ, ಮೇಲೆ ಸ್ವಲ್ಪ ಉಬ್ಬು ಬರುವಷ್ಟು ಹಾಕಿದೆ. ಒಂಬತ್ತೂವರೆಗೆ ಮುಗಿಯಿತು. ಗ್ಲಾಸ್‌ವುಲ್ ಸುತ್ತಿ ತಾನಾಗಿ ಆರಲು ಬಿಟ್ಟೆ, ನೀರು ಹಾಕಲಿಲ್ಲ.

ಆಕಾರ ಕೊಡುವ ಕೆಲಸಕ್ಕೆ ಚಾಚಾ ಬಂದರು. ಹಳೇ ಊರಿನಲ್ಲಿ ಚೌಬಾರಾ ಹತ್ತಿರ ಬಿದ್ರಿ ಕೆಲಸ ಮಾಡುವವರು, ನನ್ನ ಅಪ್ಪನ ಕಾಲದಿಂದ ಪರಿಚಯ. ಅವರ ಅರ ಹಿಡಿದ ಕೈ ನೋಡಬೇಕು. ಡಿಸ್ಕಿನಲ್ಲಿ ನಾನು ದಪ್ಪ ಇಳಿಸಿದೆ, ಅಂಚು ಅವರು ತೆಗೆದುಕೊಂಡರು. ಮೊದಲು ಅರದ ಹಲ್ಲಿಗೆ ಸೀಮೆಸುಣ್ಣ ತಿಕ್ಕಿದರು. ಮೆತ್ತನೆ ಲೋಹ ಹಲ್ಲಿನಲ್ಲಿ ಸಿಕ್ಕಿಕೊಳ್ಳಬಾರದು ಅಂತ. ಬಿದ್ರಿಯ ಸತುವಿಗೂ ಅವರು ಮಾಡುವುದು ಇದೇ. ಮುಂದಿನ ಅಂಚು ದುಂಡಗೆ, ಹಿಂದಿನದು ತೆಳ್ಳಗೆ ಆದರೆ ಕೈ ಕೊಯ್ಯುವಷ್ಟು ಅಲ್ಲ. ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿ ಉಬ್ಬು ತಗ್ಗು ಹೇಳುತ್ತಿದ್ದರು. ಲಗ್ನಪತ್ರಿಕೆಯ ಅಳತೆಗೆ ಹಿಡಿದಾಗ ಮೂರೂ ಕಡೆ ದಪ್ಪ ಸರಿ ಬಂತು.

ಪಂಖಾದ ಹಿಂದೆ ತೂಗುವ ಆನೋಡ್ ತುಂಡನ್ನು ನೋಡಿ ಚಾಚಾ ಕೇಳಿದರು: "ಇದು ಸವದದ. ನಮ್ಮ ಬಿದ್ರಿ ಮೆಟಲ್‌ನಾಗ ಒಂದು ಎರಕ ಹೊಯ್ದು ಕೊಡ್ಲೇನು?" ಮನಸ್ಸಿನಿಂದ ಕೇಳಿದ ಮಾತು. ಆದರೆ ಅದು ಆಗುವುದಿಲ್ಲ. ಆನೋಡ್ ಕೆಲಸವೇ ಅಲ್ಯೂಮಿನಿಯಂಗಿಂತ ಮೊದಲು ತಾನು ಕರಗಿ ಅದನ್ನು ಉಳಿಸುವುದು. ಬಿದ್ರಿ ಸತುವಿನಲ್ಲಿ ತಾಮ್ರ ಬೆರೆಸಿರುತ್ತಾರೆ, ತಾಮ್ರ ಅಲ್ಯೂಮಿನಿಯಂಗೆ ನೀರಿನಲ್ಲಿ ದೊಡ್ಡ ವೈರಿ. ಇನ್ನು ಶುದ್ಧ ಸತುವಾದರೂ ಸಮುದ್ರಕ್ಕೇ ಸರಿ. ಕಾರಂಜಾದಂಥ ಸಿಹಿನೀರಿಗೆ ಮೆಗ್ನೀಸಿಯಂ ಆನೋಡ್ ಬೇಕು. ಅದನ್ನು ತರಿಸಲು ಹೇಳಿದೆ. ಹಳೆಯದರ ಮೇಲೆ ಯಾರೋ ಕಪ್ಪು ಬಣ್ಣ ಹೊಡೆದಿದ್ದರು. ಬಣ್ಣ ಹೊಡೆದ ಆನೋಡ್ ಇದ್ದೂ ಇಲ್ಲದ ಹಾಗೆ. ಹೊಸದು ಬರುವ ತನಕ ಇರಲಿ ಅಂತ ಕೆರೆದು ಬಿಳಿ ಲೋಹ ಕಾಣುವ ಹಾಗೆ ಮಾಡಿದೆ.

ನಾಲ್ಕನೇ ದಿನ ಮತ್ತೆ ಡೈ ಹಚ್ಚಿ ನೋಡಿದೆ, ಕೆಂಪು ಗೆರೆ ಎಲ್ಲೂ ಬರಲಿಲ್ಲ. ಹೊಸ ಸೀಲ್ ಎರಡು ಹಾಕಿ, ತುಟಿಗೆ ಗ್ರೀಸ್ ಸವರಿ, ಕ್ಯಾರಿಯರ್ ಕೂರಿಸಿದೆ. ಎಣ್ಣೆ ತುಂಬುವ ಮೊದಲು ಗಾಳಿಯ ಪರೀಕ್ಷೆ. ಮೇಲಿನ ತೂತಿಗೆ ಪೈಪ್ ಕಟ್ಟಿ, ಗೇಜ್ ಇರುವ ಸೈಕಲ್ ಪಂಪಿನಲ್ಲಿ 10 ಪಿಎಸ್‌ಐ ಗಾಳಿ ತುಂಬಿ, ಸಾಬೂನು ನೀರು ಹಚ್ಚಿದೆ. ಹತ್ತು ನಿಮಿಷ ಮುಳ್ಳು ಅಲುಗಲಿಲ್ಲ. ಶಾಫ್ಟ್ ತಿರುಗಿಸಿ, ಆ ಕಡೆ ಈ ಕಡೆ ಒತ್ತಿಯೂ ನೋಡಿದೆ. ಆಮೇಲೆ ಮರೈನ್ 90 ನಂಬರ್ ಗೇರ್ ಎಣ್ಣೆಯನ್ನು ಕೆಳಗಿನ ತೂತಿನಿಂದ ತುಂಬಿದೆ. ಕೆಳಗಿನಿಂದ ತುಂಬಿದರೆ ಗಾಳಿ ಮೇಲೆ ಹೊರಟುಹೋಗುತ್ತದೆ. ಮೇಲಿನ ತೂತಿನಿಂದ ಗುಳ್ಳೆ ಇಲ್ಲದ ಎಣ್ಣೆ ಹೊರಬಂದ ಮೇಲೆ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು, ಎರಡಕ್ಕೂ ಹೊಸ ವಾಷರ್. ಉಜ್ಜಿದ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಬೇಗ ಕೂರುತ್ತದೆ, ಹಾಗಾಗಿ ಮರಳುಕಾಗದ ಹೊಡೆದ ತಕ್ಷಣ ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್, ಮೇಲೆ ಎರಡು ಕೈ ಕಪ್ಪು ಬಣ್ಣ.

ಸಂಜೆ ನಾವೆಲ್ಲ ಕಾರಂಜಾಗೆ ಹೋದೆವು. ಹುಡುಗ ಆಳದ ಕಡೆ ದೋಣಿ ತೆಗೆದುಕೊಂಡು ಹೋಗಿ ಅರ್ಧ ಥ್ರಾಟಲ್ ಕೊಟ್ಟ. ಹಿಡಿಕೆ ಮೇಲೆ ಎರಡು ಬೆರಳು ಇಟ್ಟರೆ ಸಾಕಾಗಿತ್ತು, ಆದರೂ ಸ್ವಲ್ಪ ಬಲಕ್ಕೆ ಎಳೆಯುತ್ತಿತ್ತು. ಪಂಖಾದ ಹಿಂದಿನ ಆನೋಡ್ ತುಂಡು ಸಣ್ಣ ಚುಕ್ಕಾಣಿಯ ಕೆಲಸವನ್ನೂ ಮಾಡುತ್ತದೆ. ದಡಕ್ಕೆ ತಂದು ಅದರ ಬೋಲ್ಟ್ ಸಡಿಲಿಸಿ, ಅದರ ಹಿಂದಿನ ತುದಿಯನ್ನು ಎಳ್ಳಷ್ಟು ಬಲಕ್ಕೆ ತಿರುಗಿಸಿ ಬಿಗಿದೆ. ದೋಣಿ ಯಾವ ಕಡೆ ಎಳೆಯುತ್ತದೋ ತುದಿಯನ್ನು ಅದೇ ಕಡೆಗೆ ತಿರುಗಿಸಬೇಕು. ಎರಡನೇ ಸುತ್ತಿಗೆ ನೇರ ಹೋಯಿತು. ಕಾಕಾ ದಡದಲ್ಲಿ ನಿಂತು ನೋಡುತ್ತಿದ್ದರು. "ಕಬ್ಬಿಣ ಹಾಕಿಲ್ಲ ಖರೆ, ಛಲೋ ಓಡ್ತದ," ಅಂದರು.

ಹೊರಡುವ ಮೊದಲು ಹುಡುಗನಿಗೆ ಎರಡು ಮಾತು ಹೇಳಿದೆ. ಬಲೆ ಎತ್ತುವ ಜಾಗದಲ್ಲಿ ರಿವರ್ಸ್ ಬೇಡ, ಎಂಜಿನ್ ನಿಲ್ಲಿಸಿ ಹುಟ್ಟು ಹಾಕು. ವಾರಕ್ಕೊಮ್ಮೆ ಪಂಖಾ ಬಿಚ್ಚಿ ನೈಲಾನ್ ಎಳೆ ಇದೆಯಾ ನೋಡು.

ಹತ್ತು ಗಂಟೆ ಓಡಿದ ಮೇಲೆ ಎಣ್ಣೆ ತೋರಿಸು ಅಂದಿದ್ದೆ. ಹನ್ನೆರಡನೇ ದಿನಕ್ಕೆ ಒಂದು ಸಣ್ಣ ಬಾಟಲಿಯಲ್ಲಿ ತಂದ. ಬೆಳಕಿಗೆ ಹಿಡಿದು ನೋಡಿದೆವು. ಜೇನುತುಪ್ಪದ ಹಾಗೆ ತಿಳಿಯಾಗಿತ್ತು. ಸಂಘದವರು ಖಾಲಿ ಎಣ್ಣೆ ಕ್ಯಾನ್‌ಗಳಿಗೆ ಹಗ್ಗ, ಕಲ್ಲು ಕಟ್ಟಿ ಮುಳುಗಿದ ಬಾವಿಗಳ ಮೇಲೆ ತೇಲಿಬಿಡುತ್ತಿದ್ದಾರಂತೆ. ಎಷ್ಟು ಆಯಿತು ಅಂತ ಕೇಳಿದೆ. "ಹನ್ನೊಂದು ಆತು ಅಣ್ಣಾ. ನಮ್ಮ ಅಜ್ಜ ಇನ್ನೂ ನಾಕು ಅವ ಅಂತಾನ," ಅಂದ.